ಬಯೋಎಂಜೈಮ್ ಹಾಕಿ ಒರೆಸಿದ ಶಹಾಬಾದ್ ಕಲ್ಲಿನ ನೆಲದಲ್ಲಿ ಬಿಳಿ ಮಚ್ಚೆಗಳು: ಪರಿಹಾರ ತಿಳಿಸಿ

ಹಿತ್ತಿಲಬಾಗಿಲು:
ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಮನೆಯಲ್ಲಿ ಸುಮಾರು ಮೂವತ್ತು ವರ್ಷಗಳ ಹಿಂದೆ ಹಾಸಿ ಪಾಲಿಶ್ ಮಾಡಿಸಿದ ಶಹಾಬಾದ್ ಕಲ್ಲಿನ ನೆಲವಿದೆ. ಮಗು ಅಂಬೆಗಾಲಿಡಲು ಆರಂಭಿಸಿದ ಮೇಲೆ ಫಿನೈಲಿನ ಘಾಟು ಬೇಡವೆನಿಸಿ, ಮೋಸಂಬಿ ಮತ್ತು ನಿಂಬೆಯ ಸಿಪ್ಪೆಯಿಂದ ಮನೆಯಲ್ಲಿಯೇ ಬಯೋಎಂಜೈಮ್ ತಯಾರಿಸಿದೆ. 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರಿನ ಲೆಕ್ಕದಲ್ಲಿ ಬೆರೆಸಿ, 3 ತಿಂಗಳು ಇಟ್ಟು ಸೋಸಿದ್ದೇನೆ. ಎರಡು ತಿಂಗಳಿನಿಂದ ದಿನವೂ ಅರ್ಧ ಬಕೆಟ್ ನೀರಿಗೆ ಒಂದು ಲೋಟ ಹಾಕಿ ಒರೆಸುತ್ತಿದ್ದೇನೆ. ಈಗ ನೆಲದ ಹೊಳಪು ಹೋಗಿದೆ. ಎಣ್ಣೆಯ ಕಲೆಯ ಮೇಲೆ ನೇರವಾಗಿ ಸುರಿದಿದ್ದ ಕಡೆಗಳಲ್ಲಂತೂ ಅಂಗೈಯಗಲದ ಬಿಳಿ ಮಚ್ಚೆಗಳು ಮೂಡಿದ್ದು, ಬೆರಳಾಡಿಸಿದರೆ ತರಿತರಿಯಾಗಿ ಹತ್ತುತ್ತದೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಉಜ್ಜಿದೆ, ಮಚ್ಚೆ ಇನ್ನೂ ಹರಡಿತು. ಗಡಸು ನೀರಿನ ಕಲೆಯಿರಬಹುದೇ?

ಕಲ್ಲುಕುಟಿಗ:
ಮೇಡಂ, ಒಂದು ಪರೀಕ್ಷೆ ಮಾಡಿ ನೋಡಿ. ಮಂಚದ ಕೆಳಗೋ ಕಪಾಟಿನ ಹಿಂದೆಯೋ ಕಣ್ಣಿಗೆ ಬೀಳದ ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಟ್ಟು, ಮೊಬೈಲಿನ ಟಾರ್ಚ್ ಹಿಡಿದು ಅರ್ಧ ನಿಮಿಷ ಗಮನಿಸಿ, ಕೂಡಲೇ ನೀರಿನಿಂದ ಒರೆಸಿಬಿಡಿ. ಏನು ಕಂಡಿತೆಂದು ಇಲ್ಲಿ ಬರೆಯಿರಿ.

ಹಿತ್ತಿಲಬಾಗಿಲು:
ಹನಿಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಎದ್ದವು. ಒರೆಸಿದ ಮೇಲೆ ಅಲ್ಲಿಯೂ ಮಸುಕಾದ ಗುಂಡು ಗುರುತು ಉಳಿದಿದೆ.

ಕಲ್ಲುಕುಟಿಗ:
ಹಾಗಾದರೆ ನಿಮ್ಮ ನೆಲದಲ್ಲಿರುವುದು ಕಲೆಯಲ್ಲ, ಗಾಯ. ಶಹಾಬಾದ್ ಕಲ್ಲೆಂದರೆ ಸುಣ್ಣಕಲ್ಲು. ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ಸಿಮೆಂಟಿಗೆ ಸುಡುವುದೂ ಇದೇ ಜಾತಿಯ ಕಲ್ಲನ್ನು. ಬೆಲ್ಲ ಮತ್ತು ಸಿಪ್ಪೆ ಹುದುಗಿದಾಗ ಅಸಿಟಿಕ್‌ನಂಥ ಆಮ್ಲಗಳು ಹುಟ್ಟುವುದರಿಂದ, ಚೆನ್ನಾಗಿ ಪಕ್ವವಾದ ಬಯೋಎಂಜೈಮಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ಆ ಹುಳಿ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುವಾಗ ಹೊರಬರುವ ಇಂಗಾಲದ ಡೈಆಕ್ಸೈಡೇ ನೀವು ಕಂಡ ಗುಳ್ಳೆ. ನಲ್ಲಿಯ ಮೇಲಿನ ಗಡಸು ನೀರಿನ ಪದರವೂ ಮುಖ್ಯವಾಗಿ ಅದೇ ವಸ್ತುವಾದ್ದರಿಂದ ಬಯೋಎಂಜೈಮ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ನೆಲದ ಮೇಲೆ ಮಾಡಿದ್ದೂ ಅದನ್ನೇ, ಆದರೆ ಇಲ್ಲಿ ಕರಗಿದ್ದು ನಿಮ್ಮ ನೆಲ.

ವಿನೆಗರ್ ಮತ್ತು ಸೋಡಾದ ಜೋಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಅದು ಹರಿದಾಡುತ್ತದೆ. ಹುಳಿಯೂ ಕ್ಷಾರವೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ನೀವು ಬಹುಶಃ ವಿನೆಗರನ್ನೇ ಹೆಚ್ಚು ಹಾಕಿದ್ದೀರಿ, ಆದ್ದರಿಂದ ಮಚ್ಚೆ ಹರಡಿತು.

ಹಳೆಮನೆ:
ನಾನೂ ಇದೇ ತಪ್ಪನ್ನು ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಮಾಡಿದ್ದೆ. ಅದು ಸಿಮೆಂಟಿನ ನೆಲ, ಹುಳಿಗೆ ಅದೂ ತಡೆಯುವುದಿಲ್ಲ. ಮೊಸಾಯಿಕ್, ಮಾರ್ಬಲ್, ಕಡಪಾ ಕಲ್ಲುಗಳೂ ಅಷ್ಟೇ. ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆಯ ಬಿಂದಿಗೆಯನ್ನು ನಮ್ಮಜ್ಜಿ ನೆಲದ ಮೇಲೆ ಇಡಲು ಬಿಡುತ್ತಿರಲಿಲ್ಲ. ಕಾರಣ ಆಗ ತಿಳಿದಿರಲಿಲ್ಲ. ಮೇಡಂ ಅಂಟುವಾಳದ ನೀರನ್ನು ಬಳಸಬಹುದಲ್ಲವೇ, ಸರ್?

ಕಲ್ಲುಕುಟಿಗ:
ಅಂಟುವಾಳದ ಕಷಾಯವೂ ತುಸು ಹುಳಿಯೇ, ಆದ್ದರಿಂದ ಈ ಕಲ್ಲಿಗೆ ದಿನನಿತ್ಯ ಬೇಡ. ಪಾತ್ರೆಗೂ ಬಟ್ಟೆಗೂ ಇರಲಿ. ನೆಲಕ್ಕೆ ಬಹುತೇಕ ದಿನ ಬರಿಯ ನೀರು, ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಜಿಡ್ಡು ಹಿಡಿದಾಗ ಮಾತ್ರ ಒಂದು ಬಕೆಟ್ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಕದಡಿ ಒರೆಸಿ, ಅನಂತರ ತಪ್ಪದೆ ಎರಡು ಸಲ ಶುದ್ಧ ನೀರಿನಲ್ಲಿ ಒರೆಸಿ, ಏಕೆಂದರೆ ಅದು ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣವಾಗಿದ್ದು ಮಗುವಿನ ಅಂಗೈ, ಮೊಣಕಾಲಿಗೆ ತಾಗಬಾರದು.

ಮಚ್ಚೆಗಳು ತೊಳೆದರೆ ಹೋಗುವುದಿಲ್ಲ, ತೀಡಬೇಕು. ಒಂದೇ ಮಚ್ಚೆಯನ್ನು ಆರಿಸಿಕೊಂಡು ನೀರು ಚಿಮುಕಿಸಿ 220, 400, 800ನೇ ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಏರಿದಷ್ಟೂ ನಯ) ಅನುಕ್ರಮವಾಗಿ, ಸುತ್ತಲಿನ ಕಲ್ಲನ್ನೂ ಸೇರಿಸಿಕೊಂಡು ಉಜ್ಜಿ. ಪ್ರತಿ ನಂಬರಿನ ನಂತರ ಬೂದು ಕೆಸರನ್ನು ಒರೆಸಿ ತೆಗೆಯದಿದ್ದರೆ ಹಿಂದಿನ ಕಾಗದದ ಹರಳು ಹೊಸ ಗೀರು ಎಳೆಯುತ್ತದೆ. ಇಡೀ ಕೋಣೆಗೆ ಇದನ್ನು ಕೈಯಲ್ಲಿ ಮಾಡುವ ಸಾಹಸ ಬೇಡ, ಪಾಲಿಶ್ ಯಂತ್ರದವರನ್ನೇ ಕರೆಸಿ.

ಹಿತ್ತಿಲಬಾಗಿಲು:
ತುಂಬಾ ಧನ್ಯವಾದಗಳು. ಇನ್ನೂ ಐದು ಲೀಟರ್ ಬಯೋಎಂಜೈಮ್ ಉಳಿದಿದೆ. ನಮ್ಮ ಟಾಯ್ಲೆಟ್‌ಗೆ ಕೆಲಸದವರು ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಅದರ ಮೇಲೆ ಇದನ್ನು ಸುರಿದರೆ ಇನ್ನೂ ಸ್ವಚ್ಛವಾಗುವುದೇ?

ಕಲ್ಲುಕುಟಿಗ:
ದಯವಿಟ್ಟು ಎಂದಿಗೂ ಸುರಿಯಬೇಡಿ. ಬ್ಲೀಚಿಂಗ್ ಪೌಡರಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಬ್ಲೀಚಿಂಗ್ ಪೌಡರನ್ನು ಪೂರ್ತಿಯಾಗಿ ನಿಲ್ಲಿಸಿ, ಹಲವು ಬಕೆಟ್ ನೀರು ಸುರಿದು ತೊಳೆದು, ಮರುದಿನದಿಂದ ಪಿಂಗಾಣಿಯ ಕಮೋಡಿಗೆ ರಾತ್ರಿ ಒಂದು ಲೋಟ ಬಯೋಎಂಜೈಮ್ ಹಾಕಿ ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿ. ಈ ಬದಲಾವಣೆಯನ್ನು ಕೆಲಸದವರಿಗೂ ಬಿಡಿಸಿ ಹೇಳಿ. ನಲ್ಲಿಯ ಬಿಳಿ ಪದರಕ್ಕೆ ಬಟ್ಟೆಯನ್ನು ಅದ್ದಿ ಹತ್ತು ನಿಮಿಷ ಸುತ್ತಿಟ್ಟು ತೊಳೆಯಿರಿ. ಕೆಳಗೆ ಒಂದು ಬೋಗುಣಿ ಇಡಲು ಮರೆಯಬೇಡಿ, ಹನಿ ನೆಲಕ್ಕೆ ಬೀಳಬಾರದು.

ಹಿತ್ತಿಲಬಾಗಿಲು (ಮೂರು ವಾರಗಳ ನಂತರ):
ಬಾಗಿಲ ಬಳಿಯ ಮಚ್ಚೆಯನ್ನು ಉಜ್ಜಲು ಮುಕ್ಕಾಲು ಗಂಟೆ ಹಿಡಿಯಿತು. ಒದ್ದೆಯಿದ್ದಾಗ ಗುರುತೇ ಇಲ್ಲ, ಒಣಗಿದ ಮೇಲೆ ಓರೆ ಬೆಳಕಿನಲ್ಲಿ ಮಾತ್ರ ತುಸು ಮಂಕಾಗಿ ಕಾಣುತ್ತದೆ. ಉಳಿದ ಏಳು ಮಚ್ಚೆಗಳಿಗೆ ಪಾಲಿಶಿನವರಿಗೆ ಹೇಳಿದ್ದೇನೆ. ನಲ್ಲಿಗಳು ಹೊಸದರಂತಾಗಿವೆ. ಬಯೋಎಂಜೈಮಿನ ಬಾಟಲಿಗಳನ್ನು ಬಚ್ಚಲಿನ ಕಪಾಟಿಗೆ ಸಾಗಿಸಿ, ‘ನೆಲಕ್ಕೆ ಬೇಡ, ಬ್ಲೀಚಿಂಗ್ ಪೌಡರ್ ಜೊತೆ ಬೇಡ’ ಎಂದು ದಪ್ಪಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ.