ಖಾರ ಕುಟ್ಟುವ ಯಂತ್ರದ ಆಂಕರ್ ಬೋಲ್ಟುಗಳು ಪದೇ ಪದೇ ಮೇಲೇಳುತ್ತಿವೆ, ಏನು ಮಾಡಲಿ?

ಬ್ಯಾಡಗಿ_ಖಾರ:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಲ್ಲಿ ಮನೆಯ ಹಿತ್ತಿಲ ಕೋಣೆಯಲ್ಲಿ ನಾನೂ ನಮ್ಮ ಅತ್ತೆಯೂ ಖಾರದ ಪುಡಿ ಮಾಡಿ ಮಾರುತ್ತೇವೆ. ಕಳೆದ ಸುಗ್ಗಿಯಲ್ಲಿ ಕುಟ್ಟುವ ಯಂತ್ರ ತಂದೆವು. 3 ಎಚ್‌ಪಿ ಮೋಟಾರು, ಎರಡು ಕಬ್ಬಿಣದ ಒನಕೆ, ಒಟ್ಟು ತೂಕ ಸುಮಾರು 200 ಕಿಲೊ. ಅಡಿಯ ಚಾನೆಲ್ ಚೌಕಟ್ಟನ್ನು ನಾಲ್ಕು ಮೂಲೆಗಳಲ್ಲಿ 12 ಎಂಎಂ ದಪ್ಪ, 100 ಎಂಎಂ ಉದ್ದದ ಆಂಕರ್ ಬೋಲ್ಟುಗಳಿಂದ ನೆಲಕ್ಕೆ ಕೂರಿಸಿದ್ದಾರೆ.

ಮೂರು ವಾರವೂ ನಿಲ್ಲುವುದಿಲ್ಲ. ಮೊದಲು ಮೋಟಾರಿನ ಬದಿಯ ಎರಡು ಸಡಿಲವಾದವು, ಈಗ ನಾಲ್ಕೂ. ಯಂತ್ರ ಗೋಡೆಯ ಕಡೆಗೆ ಸರಿಯುತ್ತಿದೆ. "ಇದು ಕುಟ್ಟುವುದಕ್ಕಿಂತ ಕುಣಿಯುವುದೇ ಹೆಚ್ಚು" ಎನ್ನುತ್ತಾರೆ ಅತ್ತೆ. ಸ್ಪ್ರಿಂಗ್ ವಾಷರ್ ಹಾಕಿದೆ, ಡಬಲ್ ನಟ್ಟು ಹಾಕಿದೆ, ರಂಧ್ರದ ಸುತ್ತ ಸಿಮೆಂಟಿನ ರಾಡಿಯನ್ನೂ ಸುರಿದೆ. ಅಂಗಡಿಯವರು 16 ಎಂಎಂ ಬೋಲ್ಟು ಹಾಕಿ ಎನ್ನುತ್ತಾರೆ. ನೆಲಕ್ಕೆ ಶಹಾಬಾದ್ ಫರಸಿ ಇದೆ, ಅದರ ಕೆಳಗೆ ನಾಲ್ಕಿಂಚು ಕಾಂಕ್ರೀಟ್ ಇದೆ ಎಂದು ಗೌಂಡಿ ಹೇಳಿದ್ದ.

ಸಾಧನಕೇರಿ_ಸೈಕಲ್:
ಡಬಲ್ ನಟ್ಟಿನಲ್ಲಿ ತೆಳು ನಟ್ಟು ಕೆಳಗಿದೆಯೋ ಮೇಲಿದೆಯೋ? ಹತ್ತರಲ್ಲಿ ಒಂಬತ್ತು ಮಂದಿ ದಪ್ಪದ್ದನ್ನು ಕೆಳಗೆ ಹಾಕಿ ತೆಳುವನ್ನು ಮೇಲೆ ಕೂರಿಸುತ್ತಾರೆ, ಅದು ತಲೆಕೆಳಗು. ಕೊನೆಗೆ ಭಾರ ಹೊರುವುದು ಮೇಲಿನ ನಟ್ಟು, ಆದ್ದರಿಂದ ದಪ್ಪದ್ದು ಮೇಲಿರಬೇಕು. ಸ್ಪ್ರಿಂಗ್ ವಾಷರ್ ನಂಬಬೇಡಿ. ಅಡ್ಡ ಕಂಪನಕ್ಕೆ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದನ್ನು ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ಪರೀಕ್ಷೆ ಮಾಡಿ ತೋರಿಸಿದ. ಇಂದಿಗೂ ಆ ಪರೀಕ್ಷೆಗೆ ಅವನದೇ ಹೆಸರು, ಸ್ಪ್ರಿಂಗ್ ವಾಷರ್ ಅದರಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಗೋಕುಲರಸ್ತೆ_ಫಿಟ್ಟರ್:
ತಮ್ಮಾ, ನಟ್ಟಿನ ಪುರಾಣ ಆಮೇಲೆ. ಸಡಿಲವಾಗುತ್ತಿರುವುದು ನಟ್ಟೋ ಬೋಲ್ಟೋ ಎಂಬುದೇ ಇನ್ನೂ ಗೊತ್ತಾಗಿಲ್ಲ.

ಅಕ್ಕಾವರೇ, ಒಂದು ಕೆಲಸ ಮಾಡಿ. ನಾಲ್ಕೂ ನಟ್ಟುಗಳನ್ನು ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ನಟ್ಟಿನ ಮೇಲೆ ಹಾಯ್ದು ವಾಷರ್ ದಾಟಿ ಚಾನೆಲ್‌ವರೆಗೆ ಒಂದೇ ನೇರ ಗೆರೆ ಎಳೆಯಿರಿ. ಬಣ್ಣ ಯಾವುದಾದರೂ ಸರಿ. ನೆಲದಿಂದ ಬೋಲ್ಟಿನ ತುದಿಗೆ ಎಷ್ಟು ಎತ್ತರ ಎಂದು ಅಳೆದು ಬರೆದಿಡಿ. ಎರಡು ದಿನ ಯಂತ್ರ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ, ಸೈಕಲ್ ಸ್ವಾಮಿಗಳು ಹೇಳಿದ್ದು ಸರಿ. ಗೆರೆ ಹಾಗೇ ಇದ್ದು ಎತ್ತರ ಹೆಚ್ಚಿದ್ದರೆ ಬೋಲ್ಟೇ ಕಿತ್ತು ಬರುತ್ತಿದೆ.

ಇನ್ನೊಂದು ಮಾತು. ಮೊದಲ ಸಲ ಬಿಗಿ ಮಾಡುವಾಗ ಪಾನಾ ಒಂದು ಹಂತಕ್ಕೆ ಗಟ್ಟಿಯಾಗಿ ನಿಂತಿತೇ, ಇಲ್ಲ ತಿರುಗುತ್ತಲೇ ಹೋಯಿತೇ?

ಬ್ಯಾಡಗಿ_ಖಾರ:
ಮಗಳ ಉಗುರುಬಣ್ಣದಿಂದ ಗೆರೆ ಎಳೆದಿದ್ದೆ. ಎರಡು ದಿನವಾಯಿತು. ನಾಲ್ಕರಲ್ಲೂ ಗೆರೆ ಕೂದಲೆಳೆಯಷ್ಟೂ ಕದಲಿಲ್ಲ. ಆದರೆ ಮೋಟಾರಿನ ಬದಿಯ ಒಂದು ಬೋಲ್ಟು 4 ಎಂಎಂ, ಇನ್ನೊಂದು 6 ಎಂಎಂ ಮೇಲೆದ್ದಿವೆ. ಚಾನೆಲ್ ಕೆಳಗೆ ಬೆರಳು ತೂರಿಸಿದರೆ ಕೆಂಪು ಮಣ್ಣಿನಂಥ ಪುಡಿ ಅಂಟುತ್ತದೆ. ಖಾರದ ಪುಡಿ ಅಲ್ಲ, ಮೂಸಿ ನೋಡಿದೆ.

ಪಾನಾ ವಿಷಯ ನೆನಪಿಸಿದ್ದು ಒಳ್ಳೆಯದಾಯಿತು. ಎರಡು ಬೋಲ್ಟುಗಳಲ್ಲಿ ಅದು ನಿಲ್ಲಲೇ ಇಲ್ಲ, ತಿರುಗುತ್ತಲೇ ಇತ್ತು. ಕೂರಿಸಿದವರು "ಸಾಕು ಬಿಡಿ" ಎಂದು ಬಿಟ್ಟರು.

ಗೋಕುಲರಸ್ತೆ_ಫಿಟ್ಟರ್:
ಹಾಗಾದರೆ ನಟ್ಟು ನಿರಪರಾಧಿ. ಈ ಜಾತಿಯ ಬೋಲ್ಟಿನ ಕೆಳತುದಿ ಶಂಕುವಿನ ಹಾಗೆ ದಪ್ಪಗಿರುತ್ತದೆ, ಅದರ ಸುತ್ತ ಸೀಳಿರುವ ತಗಡಿನ ಉಂಗುರ. ನಟ್ಟು ಬಿಗಿದಂತೆ ಶಂಕು ಮೇಲಕ್ಕೆ ಬಂದು ಉಂಗುರವನ್ನು ಅರಳಿಸುತ್ತದೆ, ಉಂಗುರ ರಂಧ್ರದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಹಿಡಿತವೆಲ್ಲ ಆ ತುದಿಯ ಒಂದು ಒಂದೂವರೆ ಸೆಂಟಿಮೀಟರಿನಲ್ಲಿ. ಅಲ್ಲಿ ಗಟ್ಟಿ ಕಾಂಕ್ರೀಟ್ ಇರದಿದ್ದರೆ ಉಂಗುರ ಅರಳಿಯೂ ಪ್ರಯೋಜನವಿಲ್ಲ, ಪಾನಾ ತಿರುಗುತ್ತಲೇ ಇರುತ್ತದೆ.

ಕೆಂಪು ಪುಡಿ ಎಂದಿರಿ, ನನಗೆ ಅಲ್ಲೇ ಅನುಮಾನ. ಯಂತ್ರದ ಪಕ್ಕದಲ್ಲಿ 8 ಎಂಎಂ ಬಿಟ್‌ನಿಂದ ಒಂದು ರಂಧ್ರ ಕೊರೆಸಿ. ಕೊರೆಯುವಾಗ ಹೊರಬರುವ ಪುಡಿಯ ಬಣ್ಣ ನೋಡುತ್ತಿರಿ, ಬದಲಾದಾಗಲೆಲ್ಲ ನಿಲ್ಲಿಸಿ ಸೈಕಲ್ ಕಡ್ಡಿ ಇಳಿಸಿ ಆಳ ಅಳೆಯಿರಿ.

ಬ್ಯಾಡಗಿ_ಖಾರ:
ಕೊರೆಸಿದೆ. ಮೊದಲು ತಿಳಿ ಬೂದು ಬಣ್ಣದ ನುಣ್ಣನೆಯ ಪುಡಿ, 25 ಎಂಎಂವರೆಗೆ. ಅದು ಫರಸಿ. ಆಮೇಲೆ ಉಸುಕು ಬೆರೆತ ಗಾರೆ. 60 ಎಂಎಂ ಆಗುತ್ತಲೇ ಡ್ರಿಲ್ ದಡಕ್ಕನೆ ಒಳಗೆ ಇಳಿಯಿತು. ಬಿಟ್ ಹೊರತೆಗೆದರೆ ಅದರ ಸುರುಳಿಯ ತುಂಬ ಕೆಂಪು ಗರಸು!

ಕಾಂಕ್ರೀಟ್ ಇಲ್ಲವೇ ಇಲ್ಲ. ಅತ್ತೆಯನ್ನು ಕೇಳಿದರೆ, ಈ ಕೋಣೆ ಮೊದಲು ದನದ ಕೊಟ್ಟಿಗೆಯಾಗಿತ್ತಂತೆ. ಕೊಟ್ಟಿಗೆಗೆ ನಾಲ್ಕಿಂಚು ಕಾಂಕ್ರೀಟ್ ಯಾರು ಹಾಕುತ್ತಾರೆ?

ಗೋಕುಲರಸ್ತೆ_ಫಿಟ್ಟರ್:
ಲೆಕ್ಕ ಸರಿಹೋಯಿತು. 100 ಎಂಎಂ ಬೋಲ್ಟಿನಲ್ಲಿ ಚಾನೆಲ್, ವಾಷರ್, ನಟ್ಟು, ಮೇಲೆ ಉಳಿಯುವ ಮರೆಗಳಿಗೆ (ತಿರುಪಿನ ಸುತ್ತುಗಳಿಗೆ) ಸುಮಾರು 25 ಕಳೆಯಿರಿ. ನೆಲದೊಳಗೆ 75. ಅಂದರೆ ನಿಮ್ಮ ಉಂಗುರ ಹಿಡಿದುಕೊಂಡಿದ್ದು ಗರಸನ್ನು.

ನವನಗರ_ಹವ್ಯಾಸಿ:
ಕೆಮಿಕಲ್ ಆಂಕರ್ ಹಾಕಬಹುದಲ್ಲ? ರಂಧ್ರಕ್ಕೆ ಎಪಾಕ್ಸಿ ಅಂಟು ತುಂಬಿ ಸರಳು ನೆಡುವುದು. ಅಗಲಿಸಿ ಹಿಡಿಯುವ ಗೋಜಿಲ್ಲ, ಕಂಪನಕ್ಕೂ ಒಳ್ಳೆಯದು. ಬೇಕಾದರೆ ನಾಲ್ಕರ ಬದಲು ಎಂಟು ಹಾಕಿ.

ಗದಗ_ಸಿವಿಲ್:
ಕಂಪನಕ್ಕೆ ಒಳ್ಳೆಯದು ಎಂಬ ಮಾತು ನಿಜ. ನಮ್ಮಲ್ಲಿ ಅದನ್ನು ಕೆಡಿಸುವುದು ರಂಧ್ರದ ಧೂಳು. ಊದಿ, ಬ್ರಷ್ ಆಡಿಸಿ, ಮತ್ತೆ ಊದಿ ಸ್ವಚ್ಛ ಮಾಡದೆ ಎಪಾಕ್ಸಿ ಹಾಕಿದರೆ ಅದು ಧೂಳಿಗೆ ಅಂಟುತ್ತದೆ. ಸೈಕಲ್ ಪಂಪ್ ಇದ್ದರೂ ಸಾಕು, ಆದರೆ ಆ ಎರಡು ನಿಮಿಷ ಯಾರಿಗೂ ಇರುವುದಿಲ್ಲ. ಇಲ್ಲಿ ಆ ಮಾತೂ ಬೇಕಿಲ್ಲ. ಅಂಟಬೇಕಾದದ್ದು ಯಾವುದಕ್ಕೆ? ಒಂದೂವರೆ ಇಂಚಿನ ಗಾರೆಗೆ.

ಎಂಟು ಬೋಲ್ಟಿನ ಮಾತೂ ಅಷ್ಟೇ. ಬೋಲ್ಟನ್ನು ಎಳೆದಾಗ ಕಾಂಕ್ರೀಟು ಕೊಳವೆಯಾಗಿ ಅಲ್ಲ, ಬುಗುರಿಯಂತೆ ಶಂಕುವಾಗಿ ಒಡೆದು ಬರುತ್ತದೆ. ಪೂರ್ತಿ ಬಲ ಬೇಕಾದರೆ ಎರಡು ಬೋಲ್ಟುಗಳ ನಡುವೆ ನೆಟ್ಟ ಆಳದ ಮೂರು ಪಟ್ಟು, ಅಂಚಿನಿಂದ ಒಂದೂವರೆ ಪಟ್ಟು ದೂರ ಇರಬೇಕು. ಹತ್ತಿರ ಹತ್ತಿರ ನೆಟ್ಟರೆ ಶಂಕುಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಎಂಟು ಬೋಲ್ಟು ಎಂಟರ ಕೆಲಸ ಮಾಡುವುದಿಲ್ಲ.

ಅಕ್ಕಾವರೇ, ನಿಮ್ಮದು ನೆಲದ ಸಮಸ್ಯೆ. ಫರಸಿ ಎಬ್ಬಿಸಿ ಯಂತ್ರಕ್ಕೆ ಅದರದೇ ಕಾಂಕ್ರೀಟ್ ಪೀಠ ಹಾಕಿಸಿ. ಎತ್ತಿ ಬಡಿಯುವ ಯಂತ್ರಕ್ಕೆ ಪೀಠದ ತೂಕ ಯಂತ್ರದ ಐದು ಪಟ್ಟಾದರೂ ಇರಲಿ ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಫ್ಯಾಕ್ಟರಿಯ ದೊಡ್ಡ ಸುತ್ತಿಗೆಗಳಿಗೆ ಐಎಸ್ 2974 ಎಂಬ ಭಾರತೀಯ ಮಾನಕ ಸಂಹಿತೆಯೇ ಇದೆ, ನಿಮ್ಮದಕ್ಕೆ ಅಷ್ಟೆಲ್ಲ ಬೇಡ. 3 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಆಳ. ಕಾಂಕ್ರೀಟ್ ಘನ ಮೀಟರಿಗೆ 2400 ಕಿಲೊ ತೂಗುತ್ತದೆ, ಹಾಗಾಗಿ ಸಾವಿರ ಕಿಲೊ ದಾಟುತ್ತದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಉಸುಕು, ಮೂರು ಖಡಿ. ಸಿಮೆಂಟು ಮೂರೂವರೆ ಚೀಲ ಹಿಡಿಯುತ್ತದೆ. ತಳದಲ್ಲಿ ಎರೆ ಮಣ್ಣು ಸಿಕ್ಕರೆ ತೆಗೆದುಹಾಕಿ ಗರಸು ತುಂಬಿ ಬಡಿಸಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಪೀಠವನ್ನೇ ವಾಲಿಸುತ್ತದೆ. ಪೀಠಕ್ಕೂ ಸುತ್ತಲಿನ ಫರಸಿಗೂ ನಡುವೆ ಒಂದು ಇಂಚು ಥರ್ಮಾಕೋಲ್ ಇಡಿ, ಇಲ್ಲದಿದ್ದರೆ ಗೋಡೆ, ಕಿಟಕಿ, ನಿಮ್ಮ ಅತ್ತೆಯ ಪಾತ್ರೆ ಕಪಾಟು ಎಲ್ಲವೂ ಕುಣಿಯುತ್ತವೆ.

ಬ್ಯಾಡಗಿ_ಖಾರ:
ಬೋಲ್ಟು? 8.8 ದರ್ಜೆಯದು ತಂದು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೆಳತುದಿ ಬಗ್ಗಿಸಿಕೊಳ್ಳಲೇ?

ಗದಗ_ಸಿವಿಲ್:
ಬೇಡವೇ ಬೇಡ. 8.8ಕ್ಕೆ ಬಲ ಬಂದಿರುವುದೇ ಕಾಯಿಸಿ ತಣಿಸಿ ಹದ ಮಾಡಿದ್ದರಿಂದ. ಅಂಗಡಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಆ ಹದ ಅಲ್ಲೇ ಹೋಗುತ್ತದೆ. ಸಾದಾ 4.6 ಸಾಕು. ಮೊದಲ ಅಂಕಿ ಎಂದರೆ 400 ಮೆಗಾಪಾಸ್ಕಲ್‌ಗೆ ತುಂಡಾಗುತ್ತದೆ, ಎರಡನೆಯದು ಅದರ ಹತ್ತರಲ್ಲಿ ಆರು ಭಾಗ, ಎಂದರೆ 240ಕ್ಕೆ ಬಾಗಲು ಶುರುವಾಗುತ್ತದೆ. ಐಎಸ್ 5624ರ ಪ್ರಕಾರದ ಫೌಂಡೇಶನ್ ಬೋಲ್ಟು ಕೇಳಿ, 16 ಎಂಎಂ, 400 ಉದ್ದ, ಬಗ್ಗಿಸಿಯೇ ಬರುತ್ತವೆ.

ಗೋಕುಲರಸ್ತೆ_ಫಿಟ್ಟರ್:
ಚಾನೆಲ್‌ನ ರಂಧ್ರಗಳಿಗೆ ಸರಿಯಾಗಿ ಪ್ಲೈವುಡ್ ಹಲಗೆಗೆ ನಾಲ್ಕು ತೂತು ಕೊರೆದು ಬೋಲ್ಟುಗಳನ್ನು ಅದರಿಂದ ತೂಗುಬಿಟ್ಟು ಕಾಂಕ್ರೀಟ್ ಹಾಕಿಸಿ. ಹಾಗಿದ್ದರೂ ಸರಿಯುತ್ತವೆ, ಕಾಂಕ್ರೀಟಿನಲ್ಲಿ ಸಲಾಕೆ ಆಡಿಸುವವನ ಮೊಣಕೈ ತಾಗಿಯೇ ತಾಗುತ್ತದೆ. ಅದಕ್ಕೆ ಪ್ರತಿ ಬೋಲ್ಟಿನ ಮೇಲಿನ ಅರ್ಧ ಅಡಿಗೆ ಎರಡಿಂಚಿನ ಪಿವಿಸಿ ಪೈಪ್ ತುಂಡು ತೊಡಿಸಿ. ಗಟ್ಟಿಯಾದ ಮೇಲೆ ಬೋಲ್ಟನ್ನು ಕೊಂಚ ಅತ್ತಿತ್ತ ಬಾಗಿಸಿ ಕೂರಿಸಬಹುದು, ಆಮೇಲೆ ಪೈಪಿನೊಳಗೆ ಕುಗ್ಗದ ಗ್ರೌಟ್ (ಸುರಿಯುವಷ್ಟು ತೆಳುವಾದ ಸಿಮೆಂಟ್ ಗಾರೆ) ತುಂಬುವುದು. ಮರೆಗಳಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಡಿ.

ಬ್ಯಾಡಗಿ_ಖಾರ (ಏಳು ವಾರಗಳ ನಂತರ):
ಪೀಠ ಆಯಿತು. ನಮ್ಮ ಗೌಂಡಿ ಏಳನೇ ದಿನಕ್ಕೇ ಯಂತ್ರ ಇಡೋಣ ಎಂದ. ಸಿವಿಲ್ ಅಣ್ಣನವರನ್ನು ವಿಚಾರಿಸಿದೆ, ಏಳು ದಿನಕ್ಕೆ ಮೂರರಲ್ಲಿ ಎರಡು ಪಾಲು ಬಲವಷ್ಟೇ ಬಂದಿರುತ್ತದೆ ಎಂದರು. ಗೋಣಿಚೀಲ ಹೊದಿಸಿ ನೀರು ಹಾಕುತ್ತ 28 ದಿನ ಕಾದೆವು. ಮೊಣಕೈ ತಾಗಿಯೇ ಬಿಟ್ಟಿತ್ತು, ಒಂದು ಬೋಲ್ಟು 5 ಎಂಎಂ ಸರಿದಿತ್ತು. ಪೈಪ್ ಇದ್ದುದರಿಂದ ಬಚಾವಾದೆವು. ತೆಳು ನಟ್ಟು ಕೆಳಗೆ, ದಪ್ಪದ್ದು ಮೇಲೆ. ಉಗುರುಬಣ್ಣದ ಗೆರೆ ಮತ್ತೆ ಎಳೆದಿದ್ದೇನೆ. ಹತ್ತು ದಿನ ಕುಟ್ಟಿದರೂ ಗೆರೆಯೂ ಎತ್ತರವೂ ಇದ್ದಲ್ಲೇ ಇವೆ.

ಈಗ ಅತ್ತೆಗೆ ಘಾಟು ಹೊರಹಾಕುವ ಫ್ಯಾನ್ ಬೇಕಂತೆ. ಉಳಿದ ಹಳೆಯ 12 ಎಂಎಂ ಬೋಲ್ಟುಗಳನ್ನೇ ಗೋಡೆಗೆ ಹಾಕಬಹುದೇ?

ಗೋಕುಲರಸ್ತೆ_ಫಿಟ್ಟರ್:
ಒಮ್ಮೆ ಅರಳಿದ ಉಂಗುರ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಗುಜರಿಗೆ ಹಾಕಿ. ಗೋಡೆಗೂ ಮೊದಲು 6 ಎಂಎಂ ರಂಧ್ರ ಕೊರೆದು ಪುಡಿ ನೋಡಿ. ಕೆಂಪಾಗಿದ್ದರೆ ಇಟ್ಟಿಗೆ. ಬೂದು ಪುಡಿ ಬಂದು ಒಂದೂ ಕಾಲು ಇಂಚಿನ ಆಚೆ ಡ್ರಿಲ್ ಪೊಳ್ಳಿಗೆ ಬಿದ್ದರೆ ಹಾಲೋ ಬ್ಲಾಕ್. ಹಾಲೋ ಬ್ಲಾಕ್ ಆಗಿದ್ದರೆ ಅರಳುವ ಬೋಲ್ಟೇ ಬೇಡ, ಗೋಡೆಯ ಆಚೆಗೂ ತೂರುವ ಉದ್ದ ಬೋಲ್ಟು ಹಾಕಿ ಹಿಂದೆ ಒಂದು ತಗಡಿನ ಪಟ್ಟಿ ಕೊಟ್ಟು ಬಿಗಿಯಿರಿ.