ಅಮ್ಮನ ಸೀರೆಗಳಿಗೆ ಯಾವ ಬಣ್ಣದ ಬ್ಲೌಸ್? ಅನುಭವ ಇದ್ದವರು ಹೇಳಿ

ಅಮ್ಮನ ಕೆಲವು ಸೀರೆಗಳು ನನ್ನ ಪಾಲಿಗೆ ಬಂದಿವೆ. ಸಾಸಿವೆ ಬಣ್ಣದ ಮೈಸೂರು ಸಿಲ್ಕ್, ಕಪ್ಪು ಇಳಕಲ್, ನವಿಲು ಬಣ್ಣದ ಡಬಲ್ ಶೇಡ್ ರೇಷ್ಮೆ, ಈರುಳ್ಳಿ ಸಿಪ್ಪೆ ಬಣ್ಣದ ಎರಡು ಕಾಟನ್. ಹಳೇ ಬ್ಲೌಸ್ ಒಂದೂ ನನಗೆ ಆಗಲ್ಲ. ಆಫೀಸಿಗೂ ಉಡಬೇಕು, ಮದುವೆ ಮುಂಜಿಗೂ ಉಡಬೇಕು. ಒಂದೊಂದಕ್ಕೂ ಮ್ಯಾಚಿಂಗ್ ಹೊಲಿಸುತ್ತಾ ಕೂತರೆ ಸಂಬಳ ಅದಕ್ಕೇ ಹೋಗುತ್ತೆ. ಮೂರು ನಾಲ್ಕು ಬ್ಲೌಸಿನಲ್ಲಿ ಎಲ್ಲಾ ಸಾಗಬೇಕು. ಯಾವ ಬಣ್ಣ ತಗೊಳ್ಳಲಿ?

ದಾವಣಗೆರೆಯಿಂದ

ನಮ್ಮದು ಮ್ಯಾಚಿಂಗ್ ಸೆಂಟರ್ ಕಣಮ್ಮ. ವ್ಯಾಪಾರಕ್ಕೆ ಪೆಟ್ಟು ಬೀಳುವ ಮಾತು ಹೇಳುತ್ತೇನೆ: ಸೀರೆ ಒಡಲಿನದೇ ಬಣ್ಣ ಹುಡುಕಬೇಡಿ. ಅದು ಸಿಗಲ್ಲ. ರೇಷ್ಮೆ ಹೀರಿಕೊಂಡ ಬಣ್ಣವೇ ಬೇರೆ, ರೂಬಿಯಾ ಬಟ್ಟೆ ಹೀರಿಕೊಂಡ ಬಣ್ಣವೇ ಬೇರೆ. ಅಮ್ಮನ ಸೀರೆ ಅಂದಮೇಲೆ ಸ್ವಲ್ಪ ಮಾಸಿಯೂ ಇರುತ್ತೆ. ಅಂಗಡಿಯಲ್ಲಿ ನೂರು ಸಾಸಿವೆ ಬಣ್ಣ ಇದ್ದರೂ ನಿಮ್ಮದು ನೂರಾ ಒಂದನೆಯದು. ಹತ್ತಿರ ಬಂದು ತಪ್ಪಿದ ಬಣ್ಣ ಇದೆಯಲ್ಲ, ಅದರಷ್ಟು ಕಣ್ಣಿಗೆ ಹೊಡೆಯುವುದು ಇನ್ನೊಂದಿಲ್ಲ. ನೋಡಿದವರಿಗೆ 'ಮ್ಯಾಚ್ ಮಾಡೋಕೆ ಹೋಗಿ ಆಗಲಿಲ್ಲ' ಅಂತ ಗೊತ್ತಾಗಿಬಿಡುತ್ತೆ. ಪೂರ್ತಿ ಬೇರೆ ಬಣ್ಣ ಹಾಕಿದರೆ 'ಬೇಕಂತಲೇ ಹಾಕಿದ್ದಾರೆ' ಅನ್ನಿಸುತ್ತೆ.

ಹಾಗಾದರೆ ಯಾವ ಬೇರೆ ಬಣ್ಣ? ಕನ್ನಡಿ ಮುಂದೆ ಸೀರೆ ಉಟ್ಟು ನೋಡಿ. ಎದೆಯ ಮೇಲೆ ಓರೆಯಾಗಿ ಹೋಗುವುದು ಅಂಚು. ಬ್ಲೌಸಿಗೆ ತಾಗಿಕೊಂಡಿರುವುದು ಅದೇ, ಒಡಲಲ್ಲ. ಹಿಂದೆ ತಾಗುವುದು ಸೆರಗು. ಬ್ಲೌಸ್ ಹೊಂದಬೇಕಾದ್ದು ಅಂಚಿಗೆ ಮತ್ತು ಸೆರಗಿಗೆ. ಒಡಲಿಗೆ ವಿರುದ್ಧ ಇದ್ದರೂ ನಡೆಯುತ್ತೆ.

ನಿಮ್ಮ ಡಬಲ್ ಶೇಡ್ ಸೀರೆಗೆ ಇನ್ನೂ ಸುಲಭ. ಅದರಲ್ಲಿ ಹಾಸಿನ ದಾರ, ಅಂದರೆ ಉದ್ದಕ್ಕೆ ಹೋಗುವುದು, ಒಂದು ಬಣ್ಣ; ಅಡ್ಡಕ್ಕೆ ಹೋಗುವ ಹೊಕ್ಕಿನ ದಾರ ಇನ್ನೊಂದು. ಅದಕ್ಕೇ ಬಾಗಿದಾಗ ಹಸಿರು, ತಿರುಗಿದಾಗ ನೀಲಿ ಕಾಣುತ್ತೆ. ಬೇರೆ ಸೆರಗು ಜೋಡಿಸಿಲ್ಲದ ಸೀರೆಯಾದರೆ ತುದಿಯ ಕುಚ್ಚು ನೋಡಿ, ಅಲ್ಲಿರುವುದು ಬರೀ ಹಾಸಿನ ದಾರ. ಆ ಬಣ್ಣದ ಬ್ಲೌಸ್ ಹಾಕಿ. ನವಿಲು ಬಣ್ಣವನ್ನೇ ಹುಡುಕಿಕೊಂಡು ಬರುವವರನ್ನು ನಾವು ಹೊರಗೆ ಬಿಸಿಲಿಗೆ ಕರೆದುಕೊಂಡು ಹೋಗಿ ಇದನ್ನೇ ತೋರಿಸುತ್ತೇವೆ.

ಮತ್ತೆ, ಫೋನಿನ ಫೋಟೋ ತರಬೇಡಿ, ಸೀರೆ ತನ್ನಿ. ಸಂಜೆ ಬರಬೇಡಿ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಮರೂನ್ ಬಿಸಿಲಲ್ಲಿ ಒಂದು ಕಂದು, ಒಂದು ನೇರಳೆ ಆಗಿರುತ್ತೆ.

ಬೆಂಗಳೂರಿನಿಂದ

ವೈನ್ ಬಣ್ಣದ ಒಂದು ಪ್ಲೇನ್ ರಾ ಸಿಲ್ಕ್ ಬ್ಲೌಸ್ ಹೊಲಿಸಿಬಿಡಿ, ಎಲ್ಲಕ್ಕೂ ನಡೆಯುತ್ತೆ. ಸಾಸಿವೆಗೆ, ನವಿಲಿಗೆ, ಈರುಳ್ಳಿ ಬಣ್ಣಕ್ಕೆ, ಕಪ್ಪಿಗೆ. ಆಫೀಸಿಗೆ ವಾರಕ್ಕೊಮ್ಮೆ ಸೀರೆ ಉಡುವವಳು ನಾನು, ನನಗೆ ಇದೊಂದೇ ಆಧಾರ. ಇನ್ನೊಂದು ಬಾಟಲ್ ಗ್ರೀನ್ ಇರಲಿ. ಕಪ್ಪು ಬ್ಲೌಸ್ ಎಲ್ಲಕ್ಕೂ ಆಗುತ್ತೆ ಅಂತ ಹೇಳುವವರು ಸಿಗುತ್ತಾರೆ, ನಂಬಬೇಡಿ. ತಿಳಿ ಬಣ್ಣದ ಕಾಟನ್‌ಗೆ ಅದು ತುಂಬಾ ಭಾರ.

ಬಾಗಲಕೋಟೆ ಕಡೆಯಿಂದ

ಮೇಲಿನ ಅಕ್ಕಾರ ಮಾತಿಗೆ ಒಂದು ತಕರಾರು. ಇಳಕಲ್ ಸೀರೆಗೆ ವೈನ್ ಬೇಡ್ರೀ. ಇಳಕಲ್‌ನ ಒಡಲು ಕಪ್ಪಿರಲಿ, ಹಸಿರಿರಲಿ, ಸಾಂಪ್ರದಾಯಿಕ ಟೋಪ್ ತೆನಿ ಸೆರಗು ಕೆಂಪೇ, ಅದರಲ್ಲಿ ಬಿಳಿ ಪಟ್ಟಿ. ಸೆರಗಿನ ಹಾಸನ್ನು ಬೇರೆ ಮಾಡಿ, ಒಡಲಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ಕೆಂಪಿನ ಪಕ್ಕ ವೈನ್ ಇಟ್ಟರೆ ದಾವಣಗೆರೆಯವರು ಹೇಳಿದ ಹಾಗೇ, ಹತ್ತಿರ ಬಂದು ತಪ್ಪಿದ ಬಣ್ಣ ಆಗುತ್ತೆ.

ಗುಳೇದಗುಡ್ಡದ ಖಣ ತಗೊಳ್ರಿ, ಬ್ಲೌಸಿಗಂತಲೇ ನೇಯುವ ಬಟ್ಟೆ ಅದು. ಹಸಿರು ಖಣ, ಇಲ್ಲಾ ಅರಿಶಿನ ಬಣ್ಣದ್ದು. ಮೈತುಂಬ ಸಣ್ಣ ಬುಟ್ಟಾ, ಬದಿಗೆ ಬೇರೆ ಬಣ್ಣದ ಅಂಚು. ಒಂದೇ ಬಟ್ಟೆಯಲ್ಲಿ ಎರಡು ಮೂರು ಬಣ್ಣ ಇರೋದರಿಂದ ಒಂದಲ್ಲ ಒಂದು ಸೀರೆಯ ಜೊತೆ ಕೂಡಿಕೊಳ್ಳುತ್ತೆ. ಇಳಕಲ್ ಇನ್ನೂ ನಾಲ್ಕು ಕೊಂಡರೂ ಅದೇ ಖಣ ಸಾಕು, ಸೆರಗು ಹೇಗೂ ಕೆಂಪೇ ಅಲ್ವಾ? ಹೊಲಿಯುವವರಿಗೆ ಒಂದು ಮಾತು ಹೇಳಿ: ಖಣದ ಅಂಚು ತೋಳಿನ ತುದಿಗೇ ಬರಬೇಕು. ಹೇಳದಿದ್ದರೆ ಕತ್ತರಿಸಿ ಎಸೆದುಬಿಡುತ್ತಾರೆ.

ಕಪ್ಪು ಸೀರೆ ಮದುವೆ ಮನೆಗೆ ಹಿರಿಯರು ಬೇಡ ಅಂದಾರು. ಅದನ್ನ ನಿಮ್ಮ ಮನೆಯಲ್ಲೇ ಕೇಳಿಕೊಳ್ರಿ. ಪಕ್ಕದ ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪನ್ನೇ ಹುಡುಕಿ ಉಡುತ್ತಾರೆ.

ಮೈಸೂರಿನಿಂದ

ಮೈಸೂರು ಸಿಲ್ಕ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮದು ಪ್ಲೇನ್ ಒಡಲು, ಜರಿ ಅಂಚಿನದು ಅಂದುಕೊಂಡಿದ್ದೇನೆ. ಅಂಚಿನಲ್ಲಿ ಎರಡನೇ ಬಣ್ಣವೇ ಇಲ್ಲ, ಜರಿ ಮಾತ್ರ. ಹಾಗಾಗಿ ಎಲ್ಲರೂ ಚಿನ್ನದ ಬಣ್ಣದ ಬ್ರೊಕೇಡ್ ಹಾಕಿಬಿಡುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಚಿನ್ನ ಶೇ. 0.65 ಮಾತ್ರ. ಬೆಳ್ಳಿ ಅಂದಮೇಲೆ ವರ್ಷ ಕಳೆದಂತೆ ಜರಿ ಮಬ್ಬಾಗುತ್ತೆ, ಆ ಮಬ್ಬೇ ಅದರ ಅಂದ. ಪಕ್ಕದಲ್ಲಿ ಥಳಥಳ ಹೊಳೆಯುವ ಹೊಸ ಬ್ರೊಕೇಡ್ ಬಂದರೆ ಅಮ್ಮನ ಜರಿ ಪಾಪ, ಕೊಳೆಯಾದ ಹಾಗೆ ಕಾಣುತ್ತೆ. ಬಟ್ಟೆ ಕೊಳ್ಳುವಾಗ ಸೀರೆಯ ಅಂಚನ್ನು ಬ್ರೊಕೇಡ್ ಮೇಲೇ ಇಟ್ಟು ನೋಡಿ. ಅಂಚಿಗಿಂತ ಬಟ್ಟೆ ಜಾಸ್ತಿ ಹೊಳೆದರೆ ವಾಪಸ್ ಕೊಡಿ. ಸಾಸಿವೆ ಬಣ್ಣಕ್ಕೆ ನಾನಾದರೆ ಹೊಳಪಿಲ್ಲದ ಬಾಟಲ್ ಗ್ರೀನ್ ಹಾಕುತ್ತೇನೆ.

ಇನ್ನೊಂದು. 'ಕಪ್ಪಗಿದ್ದೀಯ, ಗಾಢ ಬಣ್ಣ ಬೇಡ' ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಸಿವೆ, ಮರೂನ್, ನವಿಲು ಬಣ್ಣ ನಮ್ಮಂಥ ಮೈಬಣ್ಣಕ್ಕೇ ಹೆಚ್ಚು ಒಪ್ಪುವುದು. ಪೇಲವ ಬಣ್ಣ ಉಟ್ಟಾಗಲೇ ಮುಖ ಸಪ್ಪೆ ಕಾಣುತ್ತೆ.

ಶಿವಮೊಗ್ಗದಿಂದ

ಈರುಳ್ಳಿ ಸಿಪ್ಪೆ ಬಣ್ಣಕ್ಕೆ ಅದೇ ಜಾತಿಯ ಗಾಢ ಬಣ್ಣ ಚೆನ್ನ, ಅಂದರೆ ವೈನ್. ಅಲ್ಲಿ ವೈನ್ ಸರಿ. ತಿಳಿ ಮತ್ತು ಗಾಢದ ನಡುವೆ ಅಷ್ಟು ಅಂತರ ಇದ್ದರೆ ತಪ್ಪಿದ ಮ್ಯಾಚಿಂಗ್ ಅನ್ನಿಸಲ್ಲ. ಬೇಸಿಗೆಗೆ ಕೆನೆ ಬಣ್ಣದ ಕಾಟನ್ ಬ್ಲೌಸ್ ಹಾಕಿ. ಅಚ್ಚ ಬಿಳಿ ಬೇಡ, ಹಳೇ ಸೀರೆ ಪಕ್ಕದಲ್ಲಿ ಯೂನಿಫಾರ್ಮ್ ಥರ ಆಗುತ್ತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬಾಟಲ್ ಗ್ರೀನ್, ವೈನ್, ಹಸಿರು ಖಣ, ಕೆನೆ ಬಣ್ಣ, ನಾಲ್ಕೇ. ನವಿಲು ಸೀರೆಯ ಕುಚ್ಚು ಈಗ ಬಾಲ್ಕನಿಗೆ ತಂದು ನೋಡಿದೆ, ಹಸಿರೇ ಇದೆ. ಹಾಗಾದರೆ ಬಾಟಲ್ ಗ್ರೀನ್ ಅದಕ್ಕೂ ಆಗುತ್ತಾ?

ದಾವಣಗೆರೆಯಿಂದ

ಕುಚ್ಚಿನ ಹಸಿರಿಗಿಂತ ಬ್ಲೌಸ್ ಚೆನ್ನಾಗಿ ಗಾಢವಾಗಿದ್ದರೆ ಆಗುತ್ತೆ. ಒಂದು ಚೂರು ಮಾತ್ರ ಗಾಢ ಅಂದರೆ ಬೇಡ, ಆಗ ವೈನೇ ಹಾಕಿ. ಕೆನೆ ಬಣ್ಣದ್ದು ರೂಬಿಯಾದಲ್ಲಿ ತಗೊಂಡರೆ ಹೊಲಿಸುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಲೈನಿಂಗ್ ಬಿಳಿ ಹಾಕಿಸಬೇಡಿ, ಕೆನೆಯೇ ಇರಲಿ.