ಕೆರಾಟೋಕೋನಸ್‌ಗೆ ಸಿ3ಆರ್ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಪ್ರಶ್ನೆ, ದಾವಣಗೆರೆಯಿಂದ:

ನನ್ನ ತಮ್ಮನಿಗೆ 19 ವರ್ಷ. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿತ್ತು. ಬೆಂಗಳೂರಿನಲ್ಲಿ ತೋರಿಸಿದಾಗ ಕೆರಾಟೋಕೋನಸ್ ಅಂದರು. ಬಲಗಣ್ಣಿಗೆ ಬೇಗ ಸಿ3ಆರ್, ಅಂದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗಟ್ಟಿ ಮಾಡುವ ಚಿಕಿತ್ಸೆ ಮಾಡಿಸಬೇಕಂತೆ. ಎಡಗಣ್ಣಿನ ಕಾರ್ನಿಯಾ ತುಂಬಾ ತೆಳುವಾಗಿದೆ, ಮುಂದೆ ಕಸಿ ಬೇಕಾಗಬಹುದು ಅಂತಲೂ ಹೇಳಿದ್ದಾರೆ. ಅಮ್ಮ ಹೆದರಿಬಿಟ್ಟಿದ್ದಾರೆ. ತುಂಬಾ ನೋವಾಗುತ್ತಾ? ಕನ್ನಡಕ ಹೋಗುತ್ತಾ? ಪರೀಕ್ಷೆ ಹತ್ತಿರ ಬಂತು, ಯಾವಾಗ ಓದಲು ಕೂರಬಹುದು?

ಉತ್ತರ, ಮೈಸೂರಿನಿಂದ (ಎರಡೂ ಕಣ್ಣಿಗೆ ಸಿ3ಆರ್ ಆಗಿದೆ):

ಮೊದಲು ಕನ್ನಡಕದ ವಿಷಯ. ಹೋಗಲ್ಲ. ಇದನ್ನು ನಿಮ್ಮ ತಮ್ಮನಿಗೂ ಅಮ್ಮನಿಗೂ ಈಗಲೇ ಹೇಳಿಬಿಡಿ. ಈ ಕಾಯಿಲೆಯಲ್ಲಿ ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬಿಕೊಳ್ಳುತ್ತದೆ. ಸಿ3ಆರ್ ಮಾಡುವುದು ಆ ಉಬ್ಬು ಇನ್ನೂ ಹೆಚ್ಚದಂತೆ ತಡೆಯಲಿಕ್ಕೆ. ಕೆಲವರಿಗೆ ಆಮೇಲೆ ಸ್ವಲ್ಪ ಚಪ್ಪಟೆಯಾಗಿ ದೃಷ್ಟಿ ಸುಧಾರಿಸುತ್ತದೆ, ಅದು ಬೋನಸ್. ಆಪರೇಷನ್ ಆದಮೇಲೆ ಬೋರ್ಡ್ ಓದೋಕೆ ಬರಬೇಕು ಅಂತ ಕಾದು ಕೂತವರಿಗೆ ಬೇಜಾರಾಗುವುದು ಗ್ಯಾರಂಟಿ.

ಒಳಗೆ ನಡೆಯುವುದು ಇಷ್ಟು. ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಇಂಜೆಕ್ಷನ್ ಇಲ್ಲ. ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಕಾರ್ನಿಯಾದ ಮೇಲಿನ ತೆಳು ಪದರ ಕೆರೆದು ತೆಗೆಯುತ್ತಾರೆ. ನೋವಿಲ್ಲ, ಆದರೆ ಏನೋ ಓಡಾಡುವುದು ಗೊತ್ತಾಗುತ್ತದೆ. ಆಮೇಲೆ ಸುಮಾರು ಅರ್ಧ ಗಂಟೆ ಹಳದಿ ಡ್ರಾಪ್ಸ್, ಅಂದರೆ ರೈಬೋಫ್ಲೇವಿನ್, ವಿಟಮಿನ್ ಬಿ2. ಕೊನೆಗೆ 365 ನ್ಯಾನೋಮೀಟರ್‌ನ ಯುವಿ ಬೆಳಕು. ಹಳೇ ಪದ್ಧತಿಯಲ್ಲಿ ಅದು 30 ನಿಮಿಷ, ಬೆಳಕಿನ ತೀವ್ರತೆ ಹೆಚ್ಚಿಸಿ ಮಾಡುವ ಪದ್ಧತಿಯಲ್ಲಿ 10 ನಿಮಿಷದ ಹತ್ತಿರ. ವಿಟಮಿನ್ನೂ ಬೆಳಕೂ ಸೇರಿ ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿ ಹಾಕುತ್ತವೆ. ಕಾರ್ನಿಯಾ ಗಟ್ಟಿಯಾಗುವುದು ಹಾಗೆ. ಮೇಲೊಂದು ಬ್ಯಾಂಡೇಜ್ ಲೆನ್ಸ್, ಅಂದರೆ ಗಾಯ ಕಾಯುವ ಮೆತ್ತನೆ ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಮನೆಗೆ ಕಳಿಸುತ್ತಾರೆ.

ನೋವು ಶುರುವಾಗುವುದು ಮರಗಟ್ಟಿದ್ದು ಇಳಿದ ಮೇಲೆ. ಹಾಗಾಗಿ ಅದೇ ಸಂಜೆ ದಾವಣಗೆರೆ ಬಸ್ ಹತ್ತಿಸಬೇಡಿ. ಬೆಂಗಳೂರಲ್ಲೇ ನೆಂಟರ ಮನೆಯೋ ಲಾಡ್ಜೋ ನೋಡಿಕೊಳ್ಳಿ, ಹೇಗೂ ಬೇಗನೆ ಮತ್ತೆ ಕಣ್ಣಿನ ತಪಾಸಣೆಗೆ ಕರೆಯುತ್ತಾರೆ. ಮೊದಲ ಎರಡು ಮೂರು ದಿನ ಕಷ್ಟವೇ, ಸುಳ್ಳು ಹೇಳಲ್ಲ. ಕಣ್ಣಿಗೆ ಖಾರದ ಪುಡಿ ಬಿದ್ದ ಹಾಗೆ ಉರಿ. ಧಾರಾಕಾರ ನೀರು, ಅದರ ಜೊತೆ ಮೂಗೂ ಸೋರುತ್ತದೆ. ಆಪರೇಷನ್ ಆಗದ ಕಣ್ಣು ಕೂಡ ತೆರೆಯಲಾಗದು, ಯಾಕಂದ್ರೆ ಅದನ್ನು ತೆರೆದರೆ ಇದೂ ಅಲುಗಾಡುತ್ತದೆ. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತಗೊಳ್ಳಿ, ಉರಿ ಏರಲಿ ಅಂತ ಕಾಯಬೇಡಿ. ಆ ಮರಗಟ್ಟಿಸುವ ಡ್ರಾಪ್ಸ್ ಇದೆಯಲ್ಲ, ಅದನ್ನೇ ಮನೆಗೆ ಕೊಡಿ ಅಂತ ನಾನೂ ಕೇಳಿದ್ದೆ. ಕೊಡಲ್ಲ, ಪದೇ ಪದೇ ಹಾಕಿದರೆ ಗಾಯ ಮಾಯುವುದೇ ಇಲ್ಲವಂತೆ.

ಮನೆಯಲ್ಲಿ ಒಂದು ಕೋಣೆ ಕತ್ತಲು ಮಾಡಿಡಿ. ಟ್ಯೂಬ್‌ಲೈಟ್ ಕೂಡ ಚುಚ್ಚುತ್ತದೆ. ಅಡುಗೆಮನೆ ಪಕ್ಕದ ಕೋಣೆ ಬೇಡ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದಾಗ ಆ ಘಾಟಿಗೆ ಕೆಮ್ಮು ಬಂದು, ಕೆಮ್ಮಿಗೆ ಕಣ್ಣು ಕಿವುಚಿ, ಲೆನ್ಸ್ ಜಾರಿ ರೆಪ್ಪೆ ಅಂಚಿಗೆ ಬಂದು ನಿಂತಿತ್ತು ನನಗೆ. ಹಾಗಾದರೆ ಅದನ್ನೇ ತೊಳೆದು ವಾಪಸ್ ಹಾಕಬಾರದು, ಆಸ್ಪತ್ರೆಗೆ ಫೋನ್ ಮಾಡಬೇಕು. ತಲೆಸ್ನಾನ ಡಾಕ್ಟರ್ ಹೇಳುವವರೆಗೆ ಇಲ್ಲ. ತಡೆಯಲಾಗದಿದ್ದರೆ ಸಲೂನ್‌ನಲ್ಲಿ ಮಾಡುವ ಹಾಗೆ ತಲೆ ಹಿಂದಕ್ಕೆ ಚೆಲ್ಲಿ ಬೇರೆಯವರಿಂದ ತೊಳೆಸಬಹುದು, ಆದರೆ ಅದನ್ನೂ ಕೇಳಿಕೊಂಡೇ ಮಾಡಿ. ಇನ್ನು ಹಿರಿಯರು ಕಣ್ಣಿಗೆ ಹರಳೆಣ್ಣೆ, ಜೇನುತುಪ್ಪ ಅಂತ ಬರುತ್ತಾರೆ. ತಂಪೋ ಬಿಸಿಯೋ, ಡಾಕ್ಟರ್ ಕೊಟ್ಟ ಡ್ರಾಪ್ಸ್ ಬಿಟ್ಟು ಬೇರೆ ಏನೂ ಕಣ್ಣಿಗೆ ಹೋಗಬಾರದು.

ಮೇಲಿನ ಪದರ ಬೆಳೆದ ಮೇಲೆ ಬ್ಯಾಂಡೇಜ್ ಲೆನ್ಸ್ ತೆಗೆಯುತ್ತಾರೆ, ಸಾಮಾನ್ಯವಾಗಿ ಒಂದು ವಾರದೊಳಗೆ. ನೋವು ಅಷ್ಟರಲ್ಲಿ ಹೋಗಿರುತ್ತದೆ. ಆದರೆ ದೃಷ್ಟಿ ಮೊದಲಿಗಿಂತ ಮಂಜು! ಎಲ್ಲರೂ ಗಾಬರಿಯಾಗುವುದು ಇಲ್ಲೇ. ಕಾರ್ನಿಯಾದಲ್ಲಿ ಸ್ವಲ್ಪ ಮಬ್ಬು ಕೂರುತ್ತದೆ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಒಂದು ದಿನ ಚೆನ್ನಾಗಿ ಕಂಡರೆ ಮಾರನೇ ದಿನ ಇಲ್ಲ. ಹೊಸ ಕನ್ನಡಕಕ್ಕೆ ಆಗಲೇ ದುಡ್ಡು ಹಾಕಬೇಡಿ, ನಂಬರ್ ನಿಲ್ಲಲಿ.

ಓದಿನ ವಿಷಯ: ಒಂದು ಕಣ್ಣಿಗಷ್ಟೇ ಮಾಡಿದರೆ ಒಂದೆರಡು ವಾರಕ್ಕೆ ಇನ್ನೊಂದು ಕಣ್ಣಲ್ಲಿ ಪುಸ್ತಕ ಹಿಡಿಯಬಹುದು. ಆದರೆ ನಿಮ್ಮ ತಮ್ಮನಿಗೆ ಮಾಡುತ್ತಿರುವುದು ಚೆನ್ನಾಗಿರುವ ಕಣ್ಣಿಗೆ, ಅಲ್ವಾ? ಹಾಗಾಗಿ ಎಡಗಣ್ಣಲ್ಲಿ ಎಷ್ಟು ಓದಲಾಗುತ್ತದೆ ಅಂತ ಈಗಲೇ ಬಲಗಣ್ಣು ಮುಚ್ಚಿ ನೋಡಲಿ. ಆಗದಿದ್ದರೆ ಓದಿದ್ದನ್ನು ರೆಕಾರ್ಡ್ ಮಾಡಿಕೊಡಲು ಗೆಳೆಯರಿಗೆ ಹೇಳಿ.

ಉತ್ತರ, ಹುಬ್ಬಳ್ಳಿಯಿಂದ (ಒಂದು ಕಣ್ಣಿಗೆ ಕಸಿ ಆಗಿದೆ):

ಎಡಗಣ್ಣಿನ ಬಗ್ಗೆ ನಾ ಹೇಳ್ತೀನಿ. ಮಾಮೂಲಿ ಕಾರ್ನಿಯಾ ನಡುವೆ ಸುಮಾರು 540 ಮೈಕ್ರಾನ್ ದಪ್ಪ ಇರುತ್ತದೆ. ಮೇಲ್ಪದರ ತೆಗೆದ ಮೇಲೆ 400ಕ್ಕಿಂತ ಕಡಿಮೆ ಉಳಿದರೆ ಮಾಮೂಲಿ ಸಿ3ಆರ್ ಮಾಡಲು ಹಿಂಜರಿಯುತ್ತಾರೆ. ಬೆಳಕು ಒಳಪದರಕ್ಕೆ ತಗಲಬಾರದು ಅಂತ. ಆದರೂ ತಕ್ಷಣ ಕಸಿ ಅಂತಲ್ಲ. ಸ್ಕ್ಲೀರಲ್ ಲೆನ್ಸ್ ಹಾಕಿ ನೋಡಿದ್ದೀರಾ ಅಂತ ಮೊದಲು ಕೇಳಿ. ದೊಡ್ಡ ಲೆನ್ಸ್, ಸಲೈನ್ ತುಂಬಿಸಿ ಹಾಕಿಕೊಳ್ಳುವುದು. ಅದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಿಕೊಂಡಿರುವವರು ಇದ್ದಾರೆ.

ನನಗೆ ಆದದ್ದು ಡಾಲ್ಕ್. ಮುಂದಿನ ಪದರಗಳನ್ನು ಮಾತ್ರ ತೆಗೆದು ದಾನಿಯ ಕಾರ್ನಿಯಾ ಕೂರಿಸುತ್ತಾರೆ, ಒಳಪದರ ನಮ್ಮದೇ ಇರುತ್ತದೆ. ಅದಕ್ಕೇ ದೇಹ ತಿರಸ್ಕರಿಸುವ ಅಪಾಯ ಪೂರ್ತಿ ಕಸಿಗಿಂತ ಕಡಿಮೆ. ಗಾಳಿ ತೂರಿಸಿ ಪದರ ಬಿಡಿಸುವಾಗ ಒಳಪದರ ಹರಿದರೆ ಅಲ್ಲೇ ಪೂರ್ತಿ ಕಸಿಗೆ ಬದಲಿಸಬೇಕಾಗಬಹುದು. ಸಹಿ ಹಾಕುವ ಕಾಗದದಲ್ಲಿ ಅದೂ ಇರುತ್ತದೆ, ಓದಿ ಹೆದರಬೇಡಿ.

ಅಪ್ಪು ತೀರಿಕೊಂಡಾಗ, 2021ರಲ್ಲಿ, ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಓದಿದ್ರಲ್ಲ? ಅದೂ ಪದರ ಬಿಡಿಸಿಯೇ. ಒಬ್ಬರಿಗೆ ಮುಂದಿನದು, ಒಬ್ಬರಿಗೆ ಹಿಂದಿನದು. ಸಾಮಾನ್ಯವಾಗಿ ರಕ್ತದ ಗುಂಪು ಹೊಂದಿಸಬೇಕಿಲ್ಲ. ಯಾರದೋ ಮನೆಯವರು ಸಾವಿನ ದುಃಖದಲ್ಲೂ ಆರು ತಾಸಿನೊಳಗೆ ಐ ಬ್ಯಾಂಕಿಗೆ ಫೋನ್ ಮಾಡಿರುತ್ತಾರೆ, ನಮ್ಮ ಆಪರೇಷನ್ ನಿಂತಿರುವುದು ಅದರ ಮೇಲೆ.

ನೋವು ಸಿ3ಆರ್‌ನವರು ಹೇಳುವಷ್ಟು ಇರಲಿಲ್ಲ. ತಾಳ್ಮೆ ಮಾತ್ರ ಜಾಸ್ತಿ ಬೇಕು. ಕೂದಲಿಗಿಂತ ಸಣ್ಣ ನೈಲಾನ್ ಹೊಲಿಗೆ ಸುತ್ತ ಇರುತ್ತವೆ, ಹಂತಹಂತವಾಗಿ ತೆಗೆಯುತ್ತಾರೆ. ದೃಷ್ಟಿ ನಿಲ್ಲಲು ವರ್ಷದ ಮೇಲೂ ಆಗಬಹುದು. ಹೊಲಿಗೆ ಸಡಿಲವಾದರೆ ಮರಳು ಹೊಕ್ಕಂತೆ ಚುಚ್ಚುತ್ತದೆ, ಅವತ್ತೇ ಹೋಗಿ ತೋರಿಸಿ. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ಮಂಜಾಗುವುದು, ನೋವು: ಇದರಲ್ಲಿ ಒಂದು ಬಂದರೂ ನಾಳೆ ನೋಡೋಣ ಅನ್ನಬಾರದು. ಸ್ಟಿರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ ಇರುತ್ತದೆ. ಅದರಿಂದ ಕಣ್ಣಿನ ಒತ್ತಡ ಏರಬಹುದು, ಚೆಕ್ ಮಾಡಿಸುತ್ತಿರಿ. ಎರಡು ಬೇರೆ ಡ್ರಾಪ್ಸ್ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲದಿದ್ರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ.

ಉತ್ತರ, ಶಿರಸಿಯಿಂದ (ಮಗನಿಗೆ ಸಿ3ಆರ್ ಆಗಿದೆ):

ನಿಮ್ಮ ತಮ್ಮ ಕಣ್ಣು ಉಜ್ಜುತ್ತಾನಾ? ನಮ್ಮ ಮಗನಿಗೆ ಅಲರ್ಜಿ, ಬೆರಳಿನ ಗೆಣ್ಣಿನಿಂದ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದ. ಅಲರ್ಜಿಗೆ ಡ್ರಾಪ್ಸ್ ಕೊಟ್ಟು, ತುರಿಕೆ ನಿಂತ ಮೇಲೇ ಡಾಕ್ಟರ್ ಸಿ3ಆರ್ ಮಾಡಿದ್ದು. ಆದಮೇಲೂ ಉಜ್ಜಿದರೆ ಕಾಯಿಲೆ ಮತ್ತೆ ಮುಂದುವರಿಯಬಹುದು ಅಂದರು. ತುರಿಕೆ ಬಂದಾಗ ತಣ್ಣೀರಿನ ಬಟ್ಟೆ ಮುಚ್ಚಿದ ರೆಪ್ಪೆಯ ಮೇಲೆ ಸುಮ್ನೆ ಇಡುತ್ತೇವೆ, ಒತ್ತಲ್ಲ. ದಿಂಬಿಗೆ ಮುಖ ಒತ್ತಿ ಮಲಗುವುದನ್ನೂ ಬಿಡಿಸಿ.

ಉತ್ತರ, ಬೆಂಗಳೂರಿನಿಂದ:

ಇನ್ಶೂರೆನ್ಸ್ ಇದ್ದರೆ ಮೊದಲೇ ಅನುಮತಿ ಕೇಳಿ. 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರ್ ಸರಿಪಡಿಸುವ ಚಿಕಿತ್ಸೆಗೆ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಸಿ3ಆರ್ ಅನ್ನೂ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಲೇಸಿಕ್ ಥರ ಅಂದುಕೊಂಡು ನನ್ನ ಕ್ಲೇಮನ್ನು ತಳ್ಳಿದ್ದರು. ಇದು ಕನ್ನಡಕ ಬಿಡಿಸಲು ಅಲ್ಲ, ಹೆಚ್ಚುತ್ತಿರುವ ಕಾಯಿಲೆ ತಡೆಯಲು ಅಂತ ಡಾಕ್ಟರ್ ಪತ್ರ, ಜೊತೆಗೆ ಹಳೇ ಮತ್ತು ಹೊಸ ಸ್ಕ್ಯಾನ್ ಕೊಟ್ಟ ಮೇಲೆ ಪಾಸಾಯಿತು. ಪಾಲಿಸಿ ಇಲ್ಲದಿದ್ದರೆ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೂ ವಿಚಾರಿಸಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್, ಅಮ್ಮನಿಗೆ ಓದಿ ಹೇಳಿದೆ. ಪರೀಕ್ಷೆ ಮುಗಿಸಿ ಮಾಡಿಸಿದರೆ ಆಗಲ್ವಾ? ನನಗೂ ಸಿಲಿಂಡರ್ ಪವರ್ ಇದೆ, ಮದುವೆಗೆ ಮೊದಲು ಲೇಸಿಕ್ ಮಾಡಿಸೋ ಯೋಚನೆ ಇತ್ತು.

ಉತ್ತರ, ಮೈಸೂರಿನಿಂದ:

ಕಾಯಬಹುದಾ ಅಂತ ಡಾಕ್ಟರೇ ಹೇಳಬೇಕು. ಈ ವಯಸ್ಸಿನಲ್ಲಿ ಬೇಗ ಹೆಚ್ಚುತ್ತದೆ. ಎರಡು ಸ್ಕ್ಯಾನ್‌ಗಳ ನಡುವೆ ಕೆ ಮ್ಯಾಕ್ಸ್ (ಕಾರ್ನಿಯಾ ಅತಿ ಹೆಚ್ಚು ಬಾಗಿರುವ ಜಾಗದ ಅಳತೆ) ಎಷ್ಟು ಏರಿದೆ ಅಂತ ನೇರವಾಗಿ ಕೇಳಿ. ಕಡಿಮೆ ಏರಿದ್ದರೆ ಕೆಲವು ವಾರ ಬಿಡಬಹುದೇನೋ, ಜಾಸ್ತಿ ಏರಿದ್ದರೆ ಪರೀಕ್ಷೆ ಮುಂದಿನ ಸಲ ಬರೆಯಲಿ. ನಿಮ್ಮ ಲೇಸಿಕ್ ಸದ್ಯಕ್ಕೆ ನಿಲ್ಲಿಸಿ. ಕೆರಾಟೋಕೋನಸ್ ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರಬಹುದು, ಇದ್ದವರಿಗೆ ಲೇಸಿಕ್ ಮಾಡಲೇಬಾರದು. ತಮ್ಮನ ಜೊತೆ ಹೋದಾಗ ನೀವೂ ಕಾರ್ನಿಯಾ ಟೋಪೋಗ್ರಫಿ ಮಾಡಿಸಿಕೊಂಡು ಬನ್ನಿ, ಮುಟ್ಟದೇ ತೆಗೆಯುವ ಸ್ಕ್ಯಾನ್, ಸ್ವಲ್ಪ ಹೊತ್ತಿನ ಕೆಲಸ.